ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತಿದ್ದರೆ

ಡ್ರಮ್ ಬ್ರೇಕಿನ ಹಳೆಯ ಅಂಬಾಸಿಡರ್, ಪದ್ಮಿನಿ ಇರುವವರ ಗಮನಕ್ಕೆ: ಗಾಡಿ ಎಡಕ್ಕೆ ಎಳೆದರೆ ಹೆಚ್ಚಾಗಿ ಬಲಗಡೆಯ ಮುಂದಿನ ಬ್ರೇಕೇ ಸೋತಿರುತ್ತದೆ. ಎಡಗಡೆ ಮಾತ್ರ ಬಿಚ್ಚಿ ಸಮಯ ಕಳೆಯಬೇಡಿ, ಎರಡೂ ಕಡೆ ನೋಡಿ.

ಮೊದಲು ಮುಂದಿನ ಎರಡೂ ಟೈರಿನ ಗಾಳಿ ಸಮ ಮಾಡಿ. ಆಮೇಲೆ ಮುಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು, ಪೆಡಲ್ ಒತ್ತಿ ಬಿಡಿಸಿ ಚಕ್ರ ತಿರುಗಿಸಿ. ಒಂದು ಚಕ್ರ ಬಿಗಿಯಾಗೇ ಉಳಿದರೆ ಅದರ ಬ್ಲೀಡ್ ನಿಪ್ಪಲ್ (ಬ್ರೇಕ್ ಲೈನಿನ ಗಾಳಿ ತೆಗೆಯುವ ಸಣ್ಣ ಸ್ಕ್ರೂ) ಸಡಿಲಿಸಿ. ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಬಿಟ್ಟಿತೇ? ಆ ಚಕ್ರದ ರಬ್ಬರ್ ಹೋಸ್ ಒಳಗೇ ಊದಿಕೊಂಡು ಆಯಿಲ್ ವಾಪಸ್ ಹೋಗದಂತೆ ತಡೆದಿರುತ್ತದೆ. ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಇಲ್ಲೇ ಬಹಳ ಜನ ಮೋಸಹೋಗುವುದು. ಬಿಡದಿದ್ದರೆ ಶೂಗಳನ್ನು (ಡ್ರಮ್ಮಿಗೆ ಒಳಗಿನಿಂದ ಒತ್ತಿಕೊಳ್ಳುವ ಭಾಗ) ತಳ್ಳುವ ವೀಲ್ ಸಿಲಿಂಡರ್ ಪಿಸ್ಟನ್ ಜಾಮ್ ಆಗಿರಬಹುದು, ಇಲ್ಲವೇ ಶೂ ಅಡ್ಜಸ್ಟ್‌ಮೆಂಟ್ ಅತಿಯಾಗಿ ಬಿಗಿಯಾಗಿರಬಹುದು.

ಎರಡೂ ಚಕ್ರ ಸಲೀಸಾಗಿ ತಿರುಗಿದರೆ ಡ್ರಮ್ ತೆಗೆಯಿರಿ. ಆಯಿಲ್ ಅಥವಾ ಗ್ರೀಸ್ ಕುಡಿದ ಲೈನಿಂಗ್ (ಶೂ ಮೇಲಿನ ಘರ್ಷಣೆ ಪದರ) ಉಜ್ಜಿದರೆ ಸರಿಹೋಗುವುದಿಲ್ಲ. ಸೋರಿಕೆ ನಿಲ್ಲಿಸಿ, ಎರಡೂ ಕಡೆಯ ಶೂಗಳನ್ನು ಒಟ್ಟಿಗೇ ಬದಲಿಸಿ. ಧೂಳನ್ನು ದಯವಿಟ್ಟು ಊದಬೇಡಿ, ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು; ಒದ್ದೆ ಬಟ್ಟೆಯಲ್ಲಿ ಒರೆಸಿ.