ಮಟನ್ ಬಿಟ್ಟರೆ ಸಾಕೇ?

ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಬಂತು ಅಂದರೆ ಹುಬ್ಬಳ್ಳಿ-ಧಾರವಾಡದ ನಮ್ಮ ಕ್ರೈಸ್ತರ ಮನೆಗಳಲ್ಲಿ ಒಂದೇ ಪ್ರಶ್ನೆ, 'ಈ ಸಲ ಏನು ಬಿಡ್ತೀರಿ?' ಒಬ್ಬರು ಮಟನ್ ಬಿಡುತ್ತಾರೆ, ಇನ್ನೊಬ್ಬರು ಚಹಾ, ಹುಡುಗರು ರೀಲ್ಸ್. ಬಿಟ್ಟಿದ್ದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದನ್ನು ಮಾತ್ರ ಯಾರೂ ಬಿಡುವುದಿಲ್ಲ! ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಜನರಿಗೆ ತೋರಿಸಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಅಂತ ಯೇಸು ಹೇಳಿದ್ದು ಬೈಬಲ್‌ನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಬೂದಿ ಬುಧವಾರ ಓದುವುದೂ ಇದನ್ನೇ.

ಈ ಉಪವಾಸ ಕಾಲ ಭಾನುವಾರ ಬಿಟ್ಟು 40 ದಿನ. ಪ್ರಾರ್ಥನೆ, ಉಪವಾಸ, ದಾನ ಮೂರೂ ಬೇಕು. ದಾನ ಅಂದ ಕೂಡಲೇ ನಾವು ಹಿಂದೇಟು ಹಾಕುತ್ತೇವೆ, ಅಲ್ವಾ? ಬೈಬಲ್‌ನದೇ ಯೆಶಾಯನ ಗ್ರಂಥದ 58ನೇ ಅಧ್ಯಾಯ ಇನ್ನೂ ಖಾರ. ಉಪವಾಸದ ದಿನವೂ ಆಳುಗಳನ್ನು ಹಿಂಡಿ ದುಡಿಸುತ್ತೀರಿ, ಜಗಳ ಆಡುತ್ತೀರಿ, ನನಗೆ ಬೇಕಾದ ಉಪವಾಸ ಹಸಿದವರಿಗೆ ರೊಟ್ಟಿ ಹಂಚುವುದು ಅಂತ ದೇವರು ನೇರವಾಗಿಯೇ ಬೈಯುತ್ತಾನೆ. ಇದನ್ನು ಕೇಳಿಯೂ ಮನೆಗೆಲಸದವರ ಪಗಾರ ಮುಂದೂಡುವವರು, ಹೊಲದ ಪಾಲಿಗಾಗಿ ತಮ್ಮನ ಜೊತೆ ಮಾತು ಬಿಟ್ಟವರು ನಮ್ಮಲ್ಲೇ ಇದ್ದಾರೆ. ಆ ಹಟ ಬಿಡುವುದು ಕಷ್ಟ. ಮಾಂಸದ್ದೇನು, ಶ್ರಾವಣದಲ್ಲಿ ನೆರೆಮನೆಯವರು ತಿಂಗಳಿಡೀ ಸದ್ದಿಲ್ಲದೆ ಬಿಡುತ್ತಾರೆ.

ಒಂದು ಸಲಹೆ. ಉಳಿದ ಮಟನ್ ದುಡ್ಡನ್ನು ಚರ್ಚ್‌ಗಳು ಒಟ್ಟು ಮಾಡಿ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದು ಉಳಿಯುವ ಹಳ್ಳಿಯ ಜನರಿಗೆ ಶುಕ್ರವಾರ ಊಟ ಕೊಡಲಿ. ಗದಗ, ಹಾವೇರಿಯಿಂದಲೂ ಅಲ್ಲಿಗೆ ಬರುತ್ತಾರೆ. ಈಸ್ಟರ್ ತನಕ ಮಾಡಿ ನೋಡೋಣ, ಮುಂದಿನದು ಆಮೇಲೆ.

- ಒಬ್ಬ ಓದುಗ, ಹುಬ್ಬಳ್ಳಿ