ಎಣ್ಣೆ ಮೆತ್ತಿದ ಕೈಗಳಿಂದ ಒಂದು ನಮಸ್ಕಾರ

ಹೋದ ಶನಿವಾರ ನನ್ನ ಗುರುದೀಕ್ಷೆ ಆಯಿತು, ಅಂದರೆ ಕ್ಯಾಥೊಲಿಕ್ ಪಾದ್ರಿಯಾದೆ. ಧರ್ಮಾಧ್ಯಕ್ಷರು (ಬಿಷಪ್) ನನ್ನ ಎರಡೂ ಅಂಗೈಗೆ ಪವಿತ್ರ ತೈಲ ಹಚ್ಚಿದಾಗ ಒಂದು ಗಳಿಗೆ ನಗು ಬಂದುಬಿಟ್ಟಿತು. ಕೈಗೆ ಎಣ್ಣೆ ಮೆತ್ತಿಕೊಳ್ಳುವುದು ನನಗೆ ಹೊಸದಲ್ಲ. 11 ವರ್ಷ ಲಿಫ್ಟ್ ರಿಪೇರಿ ಮಾಡಿದವನು ನಾನು.

ಎಷ್ಟೋ ಜನ ಬಂದಿದ್ದಿರಿ. ಬರಲಾಗದವರು ಮೆಸೇಜ್ ಕಳಿಸಿದಿರಿ. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂತ ಕೂತೆ, ನಾಲ್ಕನೆಯದಕ್ಕೇ ಸುಸ್ತಾದೆ. ಅದಕ್ಕೇ ಇದು. ಹೆಸರು ಹಾಕುತ್ತಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಮೊದಲು ಮನೆಯವರಿಗೆ. 31ನೇ ವಯಸ್ಸಿನಲ್ಲಿ ಕೆಲಸ ಬಿಟ್ಟು ಗುರುಮಠ (ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ) ಸೇರುತ್ತೇನೆ ಅಂದಾಗ ಅಮ್ಮ ಅತ್ತರು. ಅಪ್ಪ ಎರಡು ದಿನ ಮಾತಾಡಲಿಲ್ಲ. ಅಕ್ಕ ಮಾತ್ರ, "ಸರಿ, ನಿನ್ನ ಟೂಲ್ ಬಾಕ್ಸ್ ಯಾರಿಗೆ ಕೊಡ್ತೀಯ?" ಅಂದಳು. ಯಾರಿಗೂ ಕೊಡಲಿಲ್ಲ ಅಕ್ಕಾ. ಜೊತೆಗೇ ತಗೊಂಡು ಹೋದೆ. ಎಂಟು ವರ್ಷ ಗುರುಮಠದ ನಲ್ಲಿ, ಫ್ಯಾನು, ಬಾಗಿಲ ಚಿಲಕ ಎಲ್ಲದಕ್ಕೂ ಅದೇ ಆಯಿತು.

ಗುರುಮಠ ಅಂದರೆ ಒಂದೇ ಅಚ್ಚಿನ ಹುಡುಗರು ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದಕ್ಕೆ ಕಾರಣವೂ ಇದೆ. ಪ್ರತಿ ಧರ್ಮಪ್ರಾಂತ್ಯಕ್ಕೂ (ಒಬ್ಬ ಬಿಷಪರ ವ್ಯಾಪ್ತಿಯ ಪ್ರದೇಶಕ್ಕೂ) ಗುರುಮಠ ಬೇಕು ಅಂತ ಬಿಷಪರ ಟ್ರೆಂಟ್ ಮಹಾಸಭೆ 1563ರಲ್ಲಿ ಹೇಳಿದಾಗ, ಸೇರಿಸಿಕೊಳ್ಳಲು 12 ವರ್ಷ ತುಂಬಿರಬೇಕು, ಓದು ಬರಹ ಬಲ್ಲವನಾಗಿರಬೇಕು ಅಂತ ಬರೆದಿತ್ತು. ನಮ್ಮ ಬ್ಯಾಚ್ ನೋಡಿದ್ದರೆ ಅವರೆಲ್ಲ ಗಾಬರಿಯಾಗುತ್ತಿದ್ದರೇನೋ. ಒಬ್ಬ ನರ್ಸ್ ಆಗಿದ್ದವನು. ಒಬ್ಬ ಸೈನ್ಯದಿಂದ ಬಂದವನು. ಒಬ್ಬರು ಮೇಷ್ಟ್ರು. 18 ತುಂಬಿದ ಒಬ್ಬ ಹುಡುಗ. ಮಗಳ ಮದುವೆ ಮಾಡಿ ಬಂದ, 52 ವರ್ಷದ ಒಬ್ಬ ವಿಧುರರು. (ಹೆಂಡತಿ ತೀರಿಕೊಂಡವರು ಗುರುವಾಗಬಹುದಾ ಅಂತ ಸುಮಾರು ಜನ ಕೇಳಿದ್ದೀರಿ. ಆಗಬಹುದು. ಲ್ಯಾಟಿನ್ ವಿಧಿಯಲ್ಲಿ, ಅಂದರೆ ಕ್ಯಾಥೊಲಿಕರ ರೋಮನ್ ಸಂಪ್ರದಾಯದಲ್ಲಿ, ಹೆಂಡತಿ ಇರುವವರಿಗೆ ಸಾಮಾನ್ಯವಾಗಿ ಗುರುದೀಕ್ಷೆ ಇಲ್ಲ. ಹೆಂಡತಿಯನ್ನು ಕಳೆದುಕೊಂಡವರಿಗೆ ಅಡ್ಡಿಯಿಲ್ಲ.)

ಆ 18ರ ಹುಡುಗನಿಗೆ ದೊಡ್ಡ ಥ್ಯಾಂಕ್ಸ್. ತತ್ವಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ನಾನು ಫೇಲ್. ಗುರುಮಠದಲ್ಲಿ ಫೇಲ್ ಆದವನಿಗೆ ಸಂತ ಜಾನ್ ಮರಿಯ ವಿಯಾನ್ನಿಯವರ ಕಥೆ ಸಿಕ್ಕೇ ಸಿಗುತ್ತದೆ. ಲ್ಯಾಟಿನ್ ತಲೆಗೆ ಹತ್ತಲಿಲ್ಲ, ಗುರುಮಠದಿಂದ ವಾಪಸ್ ಕಳಿಸಿದರು, ಆದರೂ 1815ರಲ್ಲಿ ಗುರುವಾದರು. ನನಗೆ ಒಂದೇ ದಿನ ಮೂರು ಜನ ಹೇಳಿದರು. ಹುಡುಗ ಮಾತ್ರ ಕಥೆ ಹೇಳಲಿಲ್ಲ. ರಾತ್ರಿ ಊಟ ಆದಮೇಲೆ ಪುಸ್ತಕ ಹಿಡಿದು ಬಂದು, "ಅಣ್ಣಾ, ಇವತ್ತಿನ ಪಾಠ ನನಗೆ ಹೇಳಿಕೊಡಿ ನೋಡೋಣ" ಅನ್ನುತ್ತಿದ್ದ. ಅವನಿಗೆಲ್ಲ ಗೊತ್ತಿತ್ತು. ನಾನು ಹೇಳುತ್ತಾ ಹೇಳುತ್ತಾ ಕಲಿಯಲಿ ಅಂತ ಸುಮ್ನೆ ಕೇಳುತ್ತಿದ್ದ. ಲೊಯೋಲದ ಸಂತ ಇಗ್ನೇಷಿಯಸ್ ಕಾಲಿಗೆ ಫಿರಂಗಿ ಗುಂಡು ಬಿದ್ದ ಸೈನಿಕ. 30 ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಲ್ಯಾಟಿನ್ ಕಲಿತರು. ಅವರ ಪಕ್ಕದಲ್ಲೂ ಇಂಥ ಒಬ್ಬ ಹುಡುಗ ಇದ್ದಿರಬೇಕು ಅಂತ ನನ್ನ ಊಹೆ.

ನರ್ಸ್ ತಮ್ಮಾ, ನಿನಗೂ. ಆಸ್ಪತ್ರೆ ಸೇವೆಯ ಮೊದಲ ದಿನ ನಾನು ರೋಗಿಯ ಕಾಲ ಬಳಿ ನಿಂತು ಪ್ರಾರ್ಥನೆ ಶುರು ಮಾಡಿದೆ. ನೀನು ಮೆಲ್ಲಗೆ ಕುರ್ಚಿ ತಂದು ಇಟ್ಟೆ. ಹೊರಗೆ ಬಂದಮೇಲೆ, "ನಿಂತವರನ್ನು ನೋಡಿದ್ರೆ ಹೊರಡೋಕೆ ರೆಡಿ ಇದ್ದಾರೆ ಅನ್ಸುತ್ತೆ" ಅಂದೆ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಗುರುಗಳ ತರಬೇತಿಯ ಬಗ್ಗೆ ಬರೆದರು. ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ, ಸೇವಾ ತರಬೇತಿ ಅಂತ ನಾಲ್ಕು ಹೇಳಿ, ಮಾನವೀಯ ಅನ್ನುವುದನ್ನೇ ಬುನಾದಿ ಅಂದರು. ಪರೀಕ್ಷೆಯಲ್ಲಿ ಅದನ್ನು ಎರಡು ಪುಟ ಬರೆದಿದ್ದೇನೆ. ಅರ್ಥ ಆಗಿದ್ದು ಆ ಕುರ್ಚಿಯಿಂದ.

ಪಾಠ ಹೇಳಿದ ಫಾದರ್‌ಗಳು, ಆಧ್ಯಾತ್ಮಿಕ ನಿರ್ದೇಶಕರು, ಅಡುಗೆಮನೆಯವರು, ರಜೆಗೆ ಹೋದಾಗೆಲ್ಲ "ವಾಪಸ್ ಬಾರೋ" ಅಂತ ಕಾಲೆಳೆದ ಲಿಫ್ಟ್ ಕಂಪನಿಯ ಹಳೇ ದೋಸ್ತುಗಳು, ಎಲ್ಲರಿಗೂ ನಮಸ್ಕಾರ.

ಈಗ ಮೇಷ್ಟ್ರ ವಿಷಯ. ಇದನ್ನು ಬರೆಯಲೆಂದೇ ಕೂತಿದ್ದು.

ಮೇಷ್ಟ್ರು ನನ್ನ ಪಕ್ಕದ ಕೋಣೆ. ನನಗಿಂತ ಚೆನ್ನಾಗಿ ಓದುವವರು, ಚೆನ್ನಾಗಿ ಹಾಡುವವರು. ನನ್ನ ಕೈಯಿಂದ ಗ್ರೀಸ್ ವಾಸನೆ ಬರುತ್ತದೆ ಅಂತ ಊಟದ ಮೇಜಿನಲ್ಲಿ ದಿನಾ ಗೊಣಗುವವರು. ಗುರುದೀಕ್ಷೆಯ ಹಿಂದಿನ ಮೆಟ್ಟಿಲಾದ ಡೀಕನ್ ದೀಕ್ಷೆಗೆ ಮೊದಲು ಪ್ರತಿಯೊಬ್ಬನೂ ಒಂದು ಪತ್ರ ಬರೆದುಕೊಡಬೇಕು. ಧರ್ಮಸಭೆಯ ಕಾನೂನಿನ 1036ನೇ ನಿಯಮ. ಸ್ವಂತ ಕೈಬರಹ, ಸ್ವಂತ ಸಹಿ. ಯಾರ ಬಲವಂತವೂ ಇಲ್ಲ, ನನ್ನಿಷ್ಟದಿಂದಲೇ ಬರುತ್ತಿದ್ದೇನೆ, ಇಡೀ ಜೀವನ ಈ ಸೇವೆಗೇ ಕೊಡುತ್ತೇನೆ ಅಂತ. ನಾನು ಹಿಂದಿನ ಬ್ಯಾಚಿನವರ ಪತ್ರ ನೋಡಿಕೊಂಡು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಮೇಷ್ಟ್ರ ಕೋಣೆಯ ಲೈಟು ರಾತ್ರಿ ಎರಡರವರೆಗೂ ಉರಿಯುತ್ತಿತ್ತು. ಮೂರು ರಾತ್ರಿ ಹಾಗೇ.

ನಾಲ್ಕನೇ ಬೆಳಿಗ್ಗೆ ಅವರು ಗುರುಮಠದ ಮುಖ್ಯಸ್ಥರಾದ ರೆಕ್ಟರ್ ಹತ್ತಿರ ಹೋದರು. ಬೇರೆಲ್ಲ ಬರೆಯಲು ಬಂತಂತೆ, 'ನನ್ನಿಷ್ಟದಿಂದ' ಅನ್ನುವ ಮಾತು ಮಾತ್ರ ಬರೆಯಲು ಬರಲಿಲ್ಲವಂತೆ. ತೀರಿಹೋದ ತಾಯಿಯ ಆಸೆ ಅದು, ತನ್ನದಲ್ಲ ಅಂತ ಗೊತ್ತಾಯಿತಂತೆ. ರೆಕ್ಟರ್ ಬೈಯಲಿಲ್ಲ. ತಡೆಯಲೂ ಇಲ್ಲ. ಒಂದು ವಾರದಲ್ಲಿ ಮೇಷ್ಟ್ರು ಹೊರಟರು. ಅವರ ಟ್ರಂಕ್ ಗೇಟಿನವರೆಗೆ ಹೊತ್ತಿದ್ದು ನಾನೇ. ಒಂದು ಮಾತೂ ಆಡಲಿಲ್ಲ. ಸಿಟ್ಟಿತ್ತು. ಏಳು ವರ್ಷ ಜೊತೆಗಿದ್ದು ಕೈಬಿಟ್ಟು ಹೋದರು ಅಂತ.

ಆ ರಾತ್ರಿ ನನ್ನ ಪತ್ರ ತೆಗೆದು ಓದಿದೆ. ಚೆಂದವಾಗಿತ್ತು. ಒಂದು ಸಾಲೂ ನನ್ನದಾಗಿರಲಿಲ್ಲ. ಹರಿದು ಹಾಕಿದೆ. ಮತ್ತೆ ಬರೆಯಲು ನಾಲ್ಕು ದಿನ ಹಿಡಿಯಿತು. ಮುಗಿದಾಗ ಮುಕ್ಕಾಲು ಪುಟ ಇತ್ತು, ಎರಡು ಕಾಗುಣಿತ ತಪ್ಪು ಬೇರೆ. ಅದನ್ನೇ ಕೊಟ್ಟೆ.

ಹೊರಗೆ ಹೋದವರ ಬಗ್ಗೆ ನಾವು ಮಾತಾಡುವ ಧಾಟಿ ಸರಿಯಿಲ್ಲ. 'ಬಿಟ್ಟು ಬಂದವನು' ಅಂತ ಏನೋ ಕಳಂಕದ ಹಾಗೆ ಹೇಳುತ್ತೇವೆ, ಅಲ್ವಾ? ನಾನೂ ಹೇಳಿದ್ದೇನೆ. ಆ ಪತ್ರವನ್ನು ನಮ್ಮೆಲ್ಲರಿಗಿಂತ ಜಾಸ್ತಿ ಗಂಭೀರವಾಗಿ ತಗೊಂಡವರು ಮೇಷ್ಟ್ರು.

ಶನಿವಾರ ಪೂಜೆ ಮುಗಿದ ಮೇಲೆ ಹೊಸ ಗುರುವಿನ ಆಶೀರ್ವಾದಕ್ಕೆ ಸಾಲು ನಿಂತಿತ್ತು. ತುದಿಯಲ್ಲಿ ಮೇಷ್ಟ್ರು, ಪಕ್ಕದಲ್ಲಿ ಅವರ ಹೆಂಡತಿ. ನಾನು ಕೈ ಎತ್ತಿದೆ, ಆಶೀರ್ವಾದದ ಮಾತು ಅರ್ಧಕ್ಕೇ ಮರೆತುಹೋಯಿತು. ಉಳಿದರ್ಧ ಅವರೇ ಮೆಲ್ಲಗೆ ಹೇಳಿಕೊಟ್ಟರು. ಆಮೇಲೆ ನನ್ನ ಅಂಗೈ ಹಿಡಿದು ಮೂಗಿನ ಹತ್ತಿರ ತಂದರು. ಪವಿತ್ರ ತೈಲಕ್ಕೆ ಸುಗಂಧ ಬೆರೆಸಿರುತ್ತಾರೆ, ಒರೆಸಿದರೂ ಪರಿಮಳ ಹೋಗುವುದಿಲ್ಲ.

"ಅಂತೂ ಗ್ರೀಸ್ ವಾಸನೆ ಹೋಯ್ತಲ್ಲೋ" ಅಂದರು.

ಅಲ್ಲಿ ಗಂಟಲು ಕಟ್ಟಿ ಉತ್ತರ ಕೊಡಲಾಗಲಿಲ್ಲ. ಈಗ ಹೇಳುತ್ತೇನೆ. ಮೇಷ್ಟ್ರೇ, ಟೂಲ್ ಬಾಕ್ಸ್ ಇನ್ನೂ ನನ್ನ ಹತ್ತಿರವೇ ಇದೆ.