ಎರಡನೇ ನಮಸ್ಕಾರ ಯಾರಿಗೆ?

ಮಾನ್ಯ ಸಂಪಾದಕರೇ,

ನಮ್ಮ ಮನೆಯಲ್ಲಿ ವರ ನೋಡುವಾಗ ಹುಡುಗ ಕುಡಿಯುತ್ತಾನಾ, ಸಾಲ ಎಷ್ಟಿದೆ, ಅಣ್ಣ-ತಮ್ಮಂದಿರ ಜೊತೆ ಹೇಗಿದ್ದಾನೆ ಅಂತ ಮೂರು ಊರಲ್ಲಿ ವಿಚಾರಿಸುತ್ತೇವೆ. ಶಾಸಕನನ್ನು ಆರಿಸುವಾಗ ಮಾತ್ರ ಹಣೆ ಮೇಲೆ ವಿಭೂತಿ ಇದ್ದರೆ ಸಾಕು. ನಾನೂ ಹಾಗೇ ಇದ್ದವನು. ಮಠ, ಪೂಜೆ, ಹಿರಿಯರ ಮಾತು ಅಂದರೆ ತಲೆಬಾಗುವ ಮನೆ ನಮ್ಮದು, ಮತವೂ ಅದೇ ಲೆಕ್ಕದಲ್ಲಿ ಬೀಳುತ್ತಿತ್ತು.

ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ನಮ್ಮ ಓಣಿಗೆ ಬಂದು, ಕಟ್ಟೆ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವ್ವನ ಕಾಲಿಗೆ ಬಿದ್ದರು. ಅವ್ವನಿಗೆ ಖುಷಿಯೋ ಖುಷಿ. ಅಷ್ಟರಲ್ಲಿ ಮೊಬೈಲ್ ಹಿಡಿದಿದ್ದ ಹುಡುಗ 'ಸಾಹೇಬ್ರ, ಫೋಟೋ ಬರಲಿಲ್ರೀ' ಅಂದ. ಸಾಹೇಬರು ಇನ್ನೊಮ್ಮೆ ಬಿದ್ದರು, ಈ ಸಲ ಮುಖ ಮೊಬೈಲ್ ಕಡೆಗಿತ್ತು. ಹೋಗುವಾಗ ಅದೇ ಹುಡುಗನಿಗೆ, ಚಪ್ಪಲಿ ಎಲ್ಲಿಟ್ಟೆ ಅಂತ, ಬಾಯಿಗೆ ಬಂದ ಹಾಗೆ ಬೈದರು. ಅವ್ವ ತಲೆ ಎತ್ತದೆ 'ಎರಡನೇದ್ದು ನನಗಲ್ಲ ಬಿಡಪ್ಪಾ' ಅಂದಳು.

ಹಾಗಂತ ನಾವು ನಡತೆ ನೋಡಿಯೇ ಮತ ಹಾಕುವವರು ಅಂತ ಬೀಗುವಂತಿಲ್ಲ. ನಮ್ಮ ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಆರು ಸಲ ಶಾಸಕರಾಗಿ ಗೆದ್ದವರು, ಮುಖ್ಯಮಂತ್ರಿ ಆಗಿದ್ದವರು. ಬಿಜೆಪಿ ಟಿಕೆಟ್ ಸಿಗದೆ 2023ರಲ್ಲಿ ಕಾಂಗ್ರೆಸ್‌ನಿಂದ ನಿಂತು, ಬಿಜೆಪಿಯ ಮಹೇಶ ಟೆಂಗಿನಕಾಯಿ ಎದುರು 34 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋತರು. ಮರುವರ್ಷ ಬಿಜೆಪಿಗೆ ವಾಪಸ್ ಬಂದು ಬೆಳಗಾವಿಯಿಂದ ಸಂಸದರಾದರು. ಮನುಷ್ಯ ಅದೇ, ಮೆತ್ತಗೆ ಮಾತಾಡುವ ಧಾಟಿಯೂ ಅದೇ. ಪಕ್ಷ ಬಿಟ್ಟಿದ್ದೇ ನಡತೆಯ ದೋಷ ಅಂತ ನನ್ನ ತಮ್ಮ ವಾದಿಸುತ್ತಾನೆ. ಹಾಗಾದರೆ ವಾಪಸ್ ಬಂದ ಕೂಡಲೇ ಆ ದೋಷ ತೊಳೆದುಹೋಯಿತಾ ಅಂದರೆ ಸುಮ್ನೆ ಚಹಾ ಕುಡಿಯುತ್ತಾನೆ.

ಇನ್ನು ನಿಮಗೇ ಒಂದು ಮಾತು. ಅಭ್ಯರ್ಥಿಗಳು ತಮ್ಮ ಮೇಲಿರುವ ಕ್ರಿಮಿನಲ್ ಕೇಸುಗಳನ್ನು ಪತ್ರಿಕೆಯಲ್ಲಿ ಮೂರು ಸಲ ಹಾಕಿಸಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅಂಥವರನ್ನು ಯಾಕೆ ಆರಿಸಿದಿರಿ ಅಂತ ಪಕ್ಷವೂ ಕಾರಣ ಕೊಡಬೇಕು, ಗೆಲ್ಲುತ್ತಾರೆ ಅನ್ನುವುದೊಂದೇ ಕಾರಣ ಆಗಬಾರದು ಅಂತ 2020ರಲ್ಲಿ ಹೇಳಿತು. ಒಳಪುಟದಲ್ಲಿ, ಟೆಂಡರ್ ನೋಟಿಸಿನ ಪಕ್ಕ ಬಂದಿದ್ದ ಅಂಥ ಜಾಹೀರಾತನ್ನು ಅವ್ವ ಪಂಚಾಂಗ ನೋಡುವ ಭೂತಗನ್ನಡಿ ಹಿಡಿದು ನಾನು ಓದಿದೆ. ಕೇಸು ಇದ್ದವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕಳಸಾ-ಬಂಡೂರಿ ನೀರಿಗಾಗಿ ಬೀದಿಗಿಳಿದ ನಮ್ಮ ನವಲಗುಂದದ ಕಡೆಯ ರೈತರ ಮೇಲೂ ಕೇಸು ಬಿದ್ದಿದ್ದವು. ಆದರೆ ಹೋರಾಟದ ಕೇಸು ಯಾವುದು, ದುಡ್ಡು ನುಂಗಿದ ಕೇಸು ಯಾವುದು ಅಂತ ತಿಳಿಯಬೇಕಾದರೆ ಮೊದಲು ಅಕ್ಷರ ಕಣ್ಣಿಗೆ ಕಾಣಬೇಕಲ್ವಾ?

ಅಭ್ಯರ್ಥಿ ಮಠಕ್ಕೆ ಹೋದ ಫೋಟೋ ಮೊದಲ ಪುಟದಲ್ಲಿ ದೊಡ್ಡದಾಗಿ ಬರುತ್ತದೆ. ಮುಂದಿನ ಸಲ ಅದರ ಕೆಳಗೇ, ಅಷ್ಟೇ ಅಗಲದಲ್ಲಿ, ಅವರು ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರದಲ್ಲಿರುವ ಕೇಸು, ಆಸ್ತಿ, ಸಾಲವನ್ನೂ ಹಾಕಿ.

— ಒಬ್ಬ ಮತದಾರ, ವಿದ್ಯಾನಗರ, ಹುಬ್ಬಳ್ಳಿ